ಕೊಡುವವನ ಲಜ್ಜೆ

ಬಂಧುಗಳು ನಮಗೆ ಹುಟ್ಟಿನೊಡನೆ ಬರುತ್ತಾರೆ. ನೆರೆಹೊರೆಯವರು ಮನೆಯೊಡನೆ ಬರುತ್ತಾರೆ. ಉದ್ಯೋಗದ ಗೆಳೆಯರು ಪಗಾರದೊಡನೆ ಬಂದು ಬಹುಶಃ ಪಗಾರದೊಡನೆಯೇ ಹೋಗುತ್ತಾರೆ. ಒಂದೇ ಬೆಂಚಿನ ಮೇಲೆ ಕುಳಿತು, ಒಂದೇ ಗುರುವಿನ ಬೈಗಳನ್ನು ಹಂಚಿಕೊಂಡು, ಒಬ್ಬರ ಬುತ್ತಿಯ ಅವಲಕ್ಕಿಯನ್ನು ಇನ್ನೊಬ್ಬರು ಮುಕ್ಕಿದ ಸಹಾಧ್ಯಾಯಿಗಳ ಸಂಬಂಧವು ಮಾತ್ರ ಇವಾವ ಪಂಕ್ತಿಗೂ ಸೇರದು. ಅದಕ್ಕೆ ರಕ್ತದ ಹಂಗಿಲ್ಲ, ಲಾಭದ ಲೆಕ್ಕವೂ ಇಲ್ಲ. ಇಂಥ ಸಂಬಂಧದಲ್ಲಿ ಋಣವೆಂಬುದು ಉಂಟೆ? ಉಂಟಾದರೆ ಅದನ್ನು ತೀರಿಸುವ ಬಗೆ ಯಾವುದು? ಕೋವಿಡ್ ಮಹಾಮಾರಿಯು ದೇಶವನ್ನು ಕಾಡಿದ 2020 ಮತ್ತು 2021ನೆಯ ಇಸವಿಗಳಲ್ಲಿ ಈ ಪ್ರಶ್ನೆಯು ನಮ್ಮ ಮನೆಯ ಬಾಗಿಲಿಗೇ ಬಂದು ನಿಂತಿತು. ಆಗ ಕಂಡುದನ್ನೂ ಕಲಿತುದನ್ನೂ ವಾಚಕ ಗೃಹಸ್ಥರ ಮುಂದಿಡಬೇಕೆಂಬುದೇ ಈ ಲೇಖನದ ಉದ್ದೇಶ.

ನಮ್ಮ ಪುರಾಣೇತಿಹಾಸಗಳಲ್ಲಿ ಸಹಾಧ್ಯಾಯಿಗಳ ಕಥೆಗಳೆರಡು ಪ್ರಸಿದ್ಧವಾಗಿವೆ. ಒಂದು ಮಹಾಭಾರತದ ದ್ರೋಣ-ದ್ರುಪದರದು. ಭರದ್ವಾಜರ ಆಶ್ರಮದಲ್ಲಿ ಇಬ್ಬರೂ ಕೂಡಿ ಆಡಿ ಕೂಡಿ ಓದಿದವರು. ಮುಂದೆ ದ್ರುಪದನು ಪಾಂಚಾಲದ ಅರಸನಾದನು; ದ್ರೋಣನು ಬಡವನಾಗಿಯೇ ಉಳಿದನು. ಹಳೆಯ ಗೆಳೆತನವನ್ನು ನೆನೆದು ಬಂದ ದ್ರೋಣನಿಗೆ, ಗೆಳೆತನವೆಂಬುದು ಸಮಾನರಲ್ಲಿ ಮಾತ್ರ ಸಲ್ಲುವುದೆಂದು ದ್ರುಪದನು ಹೇಳಿ ಕಳುಹಿದನು. ಅಂದು ಹುಟ್ಟಿದ ಹಗೆಯು ಕುರುಕ್ಷೇತ್ರದವರೆಗೆ ಉರಿಯಿತು. ಇನ್ನೊಂದು ಭಾಗವತದ ಕೃಷ್ಣ-ಸುದಾಮರದು. ಸಾಂದೀಪನಿಗಳ ಗುರುಕುಲದಲ್ಲಿ ಜೊತೆಗಿದ್ದ ಸುದಾಮನು ಹೆಂಡತಿಯ ಒತ್ತಾಯಕ್ಕೆ ದ್ವಾರಕೆಗೆ ಹೊರಟನಾದರೂ, ಅಲ್ಲಿ ಕೇಳಲು ಅವನಿಗೆ ಬಾಯಿ ಬರಲಿಲ್ಲ. ಕೃಷ್ಣನು ಅವನನ್ನು ಕೇಳಗೊಡಲೂ ಇಲ್ಲ. ಗೆಳೆಯನು ಮುಚ್ಚಿಟ್ಟುಕೊಂಡಿದ್ದ ಅವಲಕ್ಕಿಯನ್ನು ತಾನೇ ಕಸಿದು ತಿಂದು, ಮೊದಲು ತಾನು ಪಡೆದವನಾಗಿ, ಆಮೇಲೆ ಸದ್ದಿಲ್ಲದೆ ಕೊಟ್ಟನು. ತಾನು ಪಡೆದ ಸಂಗತಿಯು ಸುದಾಮನಿಗೆ ತಿಳಿದುದು ಊರಿಗೆ ಮರಳಿದ ಮೇಲೆಯೇ.

ಇದರೊಡನೆ ಇನ್ನೊಂದು ಮಾತನ್ನೂ ನೆನೆಯಬೇಕು. ತೈತ್ತಿರೀಯೋಪನಿಷತ್ತಿನ ಶಿಕ್ಷಾವಲ್ಲಿಯಲ್ಲಿ, ವಿದ್ಯೆ ಮುಗಿಸಿ ಮನೆಗೆ ಹೊರಟ ಶಿಷ್ಯನಿಗೆ ಆಚಾರ್ಯನು ಮಾಡುವ ಅನುಶಾಸನವಿದೆ. ಅದರಲ್ಲಿ ಕೊಡುವವನ ಮನಸ್ಸು ಹೇಗಿರಬೇಕೆಂಬ ವಿಚಾರವೂ ಬರುತ್ತದೆ. ಶ್ರದ್ಧೆ ಇರಬೇಕು, ಮೈತ್ರಿ ಇರಬೇಕು ಎಂಬುದು ಯಾರಿಗಾದರೂ ಒಪ್ಪಿಗೆಯಾಗುವ ಮಾತೇ. ಆದರೆ ಅವುಗಳ ನಡುವೆ ‘ಹ್ರೀ’ ಎಂಬ ಶಬ್ದವೊಂದಿದೆ. ಲಜ್ಜೆಯೆಂದು ಅದರ ಅರ್ಥ. ಸಂಸ್ಕೃತದ ಪಾಠ ಹೇಳುವಾಗ ಈ ಮಾತು ಬಂದರೆ, ನಾಚಬೇಕಾದವನು ಪಡೆಯುವವನಲ್ಲವೆ, ಕೊಡುವವನಿಗೇತರ ನಾಚಿಕೆಯೆಂದು ಚುರುಕಾದ ಹುಡುಗನೊಬ್ಬನು ಕೇಳಿಯೇ ಕೇಳುತ್ತಿದ್ದನು. ನಾವು ವ್ಯಾಖ್ಯಾನಗಳ ನೆರವಿನಿಂದ ಉತ್ತರ ಹೇಳುತ್ತಿದ್ದೆವು. ಆ ಶಬ್ದವು ಮನುಷ್ಯರ ನಡುವೆ ನಡೆದಾಡುವುದನ್ನು ಕಣ್ಣಾರೆ ಕಂಡುದು ಮಾತ್ರ ಈ ಮಹಾಮಾರಿಯ ಕಾಲದಲ್ಲಿ.

ನಮ್ಮೂರು ಅಗಸೂರು, ಉತ್ತರ ಕನ್ನಡ ಜಿಲ್ಲೆಯ ಅಂಕೋಲಾ ತಾಲೂಕಿನದು. ಅಂಕೋಲೆಯಿಂದ ಘಟ್ಟವೇರಿ ಯಲ್ಲಾಪುರ, ಹುಬ್ಬಳ್ಳಿಗಳಿಗೆ ಹೋಗುವ ಹೆದ್ದಾರಿಯು ನಮ್ಮೂರನ್ನು ಹಾದೇ ಹೋಗುತ್ತದೆ. ಗದ್ದೆ, ತೋಟ, ಗೇರುಬೇಣಗಳನ್ನು ನಂಬಿದ ಜನ. ಇಂಥ ಊರುಗಳ ಮಕ್ಕಳಿಗೆ ಉಚ್ಚ ಶಿಕ್ಷಣವು ಕೈಗೆಟುಕಿದುದು ದಿನಕರ ದೇಸಾಯಿಯವರ ದೆಸೆಯಿಂದ. ಕನ್ನಡಿಗರು ಅವರನ್ನು ಚುಟುಕಗಳ ಕವಿಯೆಂದು ಬಲ್ಲರು. ನಮ್ಮ ಜಿಲ್ಲೆಯವರು ಸಾಲೆಗಳನ್ನು ಕಟ್ಟಿದ ಪುಣ್ಯಾತ್ಮರೆಂದೂ ಬಲ್ಲರು. 1953ರಲ್ಲಿ ಅವರು ಕೆನರಾ ವೆಲ್‌ಫೇರ್ ಟ್ರಸ್ಟನ್ನು ಸ್ಥಾಪಿಸಿದರು. ಗೋಪಾಲ ಕೃಷ್ಣ ಗೋಖಲೆಯವರು ಹುಟ್ಟಿದುದು 1866ರಲ್ಲಿ; ಅವರ ಜನ್ಮಶತಾಬ್ದಿಯ ವರ್ಷವಾದ 1966ರಲ್ಲಿ ಅಂಕೋಲೆಯ ಗೋಖಲೆ ಸೆಂಟಿನರಿ ಕಾಲೇಜು ಹುಟ್ಟಿತು. ನಾವು ಅದನ್ನು ಸೇರಿದುದು 1982ರಲ್ಲಿ. ದೇಸಾಯಿಯವರು ತೀರಿಕೊಂಡುದೂ ಅದೇ ವರ್ಷ. ನಮ್ಮ ವರ್ಗದಲ್ಲಿ ಹಾಲಕ್ಕಿ ಒಕ್ಕಲಿಗರ, ನಾಡವರ, ಮೀನುಗಾರರ, ಸಣ್ಣ ಅಂಗಡಿಕಾರರ ಮಕ್ಕಳಿದ್ದರು. ಮನೆತನದಲ್ಲಿ ಮೊದಲ ಬಾರಿಗೆ ಕಾಲೇಜಿನ ಮೆಟ್ಟಿಲು ಹತ್ತಿದವರೇ ಅವರಲ್ಲಿ ಬಹಳ. ಪರರ ಔದಾರ್ಯದ ಫಲವನ್ನು ನಾವೆಲ್ಲರೂ ಉಂಡವರು. ಆದರೆ ಅದಕ್ಕಾಗಿ ಯಾರ ಮುಂದೆಯೂ ಕೈಯೊಡ್ಡಿ ನಿಂತವರಲ್ಲ.

1985ರಲ್ಲಿ ಪದವಿ ಮುಗಿದು ನಾವೆಲ್ಲ ಚದುರಿದೆವು. ಕೆಲವರು ಮುಂಬಯಿಗೂ ಗೋವೆಗೂ ಹೋದರು, ಕೆಲವರು ಬೆಂಗಳೂರಿಗೆ, ಒಬ್ಬಿಬ್ಬರು ಕೊಲ್ಲಿಯ ದೇಶಗಳಿಗೆ. ಊರಲ್ಲಿ ಉಳಿದವರೂ ಇದ್ದರು. ಮೂರು ದಶಕಗಳ ತರುವಾಯ ಯಾರೋ ಒಬ್ಬರು ಎಲ್ಲರ ದೂರವಾಣಿ ಸಂಖ್ಯೆಗಳನ್ನು ಕಲೆಹಾಕಿ ವಾಟ್ಸಾಪಿನಲ್ಲಿ ಒಂದು ಬಳಗವನ್ನು ಕಟ್ಟಿದರು. ಅದರಲ್ಲಿ ನಡೆಯುತ್ತಿದ್ದುದಾದರೂ ಏನು? ಬೆಳಗಿನ ಶುಭೋದಯ, ಹೂವಿನ ಚಿತ್ರ, ಮೊಮ್ಮಗುವಿನ ನಾಮಕರಣ, ಆಗಾಗ ರಾಜಕೀಯದ ಜಗಳ. ಇದೊಂದು ಕಾಲಹರಣದ ಕಟ್ಟೆಯೆಂದೇ ಮನೆಯವರು ಹಾಸ್ಯ ಮಾಡುತ್ತಿದ್ದರು. 2019ರ ಆಗಸ್ಟಿನಲ್ಲಿ ಗಂಗಾವಳಿಯು ಉಕ್ಕಿ ನಮ್ಮ ತಾಲೂಕಿನ ಅನೇಕ ಊರುಗಳಿಗೆ ನುಗ್ಗಿದಾಗ, ಯಾರ ಮನೆಗೆ ನೀರು ಬಂತು, ಯಾರು ಎಲ್ಲಿದ್ದಾರೆಂಬುದು ಆ ಕಟ್ಟೆಯ ಮೂಲಕವೇ ಗಳಿಗೆಯೊಳಗೆ ತಿಳಿಯಿತು. ಅಂದು ಅದರ ಬೆಲೆ ಮೊದಲ ಬಾರಿಗೆ ಎಲ್ಲರಿಗೂ ಗೊತ್ತಾಯಿತು.

2020ರ ಮಾರ್ಚ್ 24ರ ರಾತ್ರಿ ದೇಶಕ್ಕೆ ದೇಶವೇ ಬಾಗಿಲು ಹಾಕಿತು. ಜಿಲ್ಲೆಯೊಳಗೆ ಮೊದಲು ಭಟ್ಕಳದಲ್ಲಿ ರೋಗ ಕಾಣಿಸಿಕೊಂಡಿತು. ಅಲ್ಲಿಯ ರೋಗಿಗಳಲ್ಲಿ ಕೆಲವರಿಗೆ ಕಾರವಾರದಲ್ಲಿರುವ ನೌಕಾದಳದ ಪತಂಜಲಿ ಆಸ್ಪತ್ರೆಯಲ್ಲಿ ಶುಶ್ರೂಷೆ ನಡೆಯಿತು. 1918ರ ಇನ್‌ಫ್ಲುಯೆಂಜಾ ಜ್ವರವು ಹಿಂದುಸ್ಥಾನದಲ್ಲಿ ಕೋಟಿಗೂ ಮಿಕ್ಕಿ ಜನರನ್ನು ಬಲಿ ತೆಗೆದುಕೊಂಡಿತ್ತು. ಆಗ ದೂರದೂರಿನ ಗೆಳೆಯನ ಕ್ಷೇಮವನ್ನು ತಿಳಿಯಲು ಅಂಚೆಯ ಕಾಗದವೊಂದೇ ಗತಿ. ನಮ್ಮ ಕಾಲಕ್ಕೆ ಸುದ್ದಿಗೆ ಬರವಿರಲಿಲ್ಲ. ನಾವು ಆಗಿನ್ನೂ ಸೇವೆಯಲ್ಲಿದ್ದೆವು. ತಿಂಗಳ ಪಗಾರ ತಪ್ಪದೆ ಬರುತ್ತಿತ್ತು. ಬಳಗದಲ್ಲಿ ನಮ್ಮಂಥವರು ಅರ್ಧದಷ್ಟಿದ್ದರು. ಏನಾದರೂ ಮಾಡಬೇಕೆಂದು ಒಬ್ಬರು ಸೂಚಿಸಿದ ಎರಡೇ ದಿನಗಳಲ್ಲಿ ವರ್ಗಣಿಯು ಸಾಕಷ್ಟು ಕೂಡಿತು. ಅಡಚಣೆಯಲ್ಲಿದ್ದವರು ತಮ್ಮ ಹೆಸರನ್ನು ಬಳಗದಲ್ಲಿ ತಿಳಿಸಬೇಕೆಂದು ಪ್ರಕಟಣೆಯೂ ಹೊರಟಿತು. ಒಂದು ವಾರ ಕಳೆಯಿತು. ಒಂದು ಹೆಸರೂ ಬರಲಿಲ್ಲ.

ಹಣ ಕೊಡುವವರಿದ್ದಾರೆ, ಪಡೆಯುವವರಿಲ್ಲವೆಂದು ಕೆಲವರು ಸಮಾಧಾನಪಟ್ಟರು. ಆಗ ಒಬ್ಬ ಸಹಪಾಠಿನಿಯು ನಮಗೆ ದೂರವಾಣಿ ಮಾಡಿದರು. ಬ್ಯಾಂಕಿನ ಕೌಂಟರಿನಲ್ಲಿ ಮೂವತ್ತು ವರ್ಷ ಕುಳಿತು ಜನರ ಮುಖವನ್ನೋದಿ ಬಲ್ಲವರು ಅವರು. “ಎಲ್ಲರೆದುರು ಹೆಸರು ಹೇಳು ಅಂದ್ರೆ ಯಾರು ಹೇಳ್ತಾರೆ ಮಾರಾಯಾ? ನಿನಗಾದ್ರೆ ನೀನು ಹೇಳ್ತಿದ್ಯಾ?” ಎಂದು ಕೇಳಿದರು. ನಮ್ಮಲ್ಲಿ ಉತ್ತರವಿರಲಿಲ್ಲ. ಅವರೇ ಮೂರು ಕಟ್ಟಳೆಗಳನ್ನು ಮಾಡಿದರು. ಪಡೆಯುವವರ ಹೆಸರು ಮೂವರ ಹೊರತು ನಾಲ್ಕನೆಯವರಿಗೆ ತಿಳಿಯಕೂಡದು. ಕೊಡುವಾಗ ಭಾವಚಿತ್ರ ತೆಗೆಯಕೂಡದು. ಮೂರನೆಯದೇ ಮುಖ್ಯವಾದುದು: ಪ್ರತಿಯೊಬ್ಬರೂ ವಾರಕ್ಕೆ ಐವರಿಗೆ ತಾವಾಗಿ ದೂರವಾಣಿ ಮಾಡಬೇಕು, ಸುಮ್ಮನೆ ಮಾತಾಡಬೇಕು, ಏನೂ ಕೇಳಕೂಡದು, ಕಿವಿ ಮಾತ್ರ ತೆರೆದಿರಬೇಕು. ಈ ಮೂರನೆಯ ಕಟ್ಟಳೆಯಿಂದ ಹದಿನೈದು ದಿನಗಳೊಳಗೆ ಏಳು ಮನೆಗಳ ಸ್ಥಿತಿಯು ತಿಳಿದುಬಂದಿತು.

ಅವುಗಳಲ್ಲಿ ಒಂದನ್ನು, ಆತನ ಒಪ್ಪಿಗೆ ಪಡೆದೇ, ಇಲ್ಲಿ ಹೇಳುತ್ತೇವೆ. ನಮ್ಮ ಗೆಳೆಯನೊಬ್ಬನು ಅನುದಾನವಿಲ್ಲದ ಖಾಸಗಿ ಸಾಲೆಯೊಂದರಲ್ಲಿ ಇಂಗ್ಲಿಷು ಕಲಿಸುತ್ತಿದ್ದನು. ಸಾಲೆ ಮುಚ್ಚಿತು, ಸಂಬಳವೂ ನಿಂತಿತು. ಆದರೂ ಪ್ರತಿದಿನ ಬೆಳಗಿನ ಆರು ಗಂಟೆಗೆ ಬಳಗದಲ್ಲಿ ಒಂದು ಸುಭಾಷಿತವನ್ನು ಹಾಕುವ ತನ್ನ ಪದ್ಧತಿಯನ್ನು ಅವನು ಬಿಡಲಿಲ್ಲ. ಒಂದು ದಿನ ಸುಭಾಷಿತ ಬರಲಿಲ್ಲ, ಮರುದಿನವೂ ಬರಲಿಲ್ಲ. ಐದನೆಯ ದಿನ ಸಹಪಾಠಿನಿಯು ಇದನ್ನು ಗಮನಿಸಿ, ಅವನ ನೆರೆಮನೆಯವರ ಮೂಲಕ ವಿಚಾರಿಸಿದರು. ರೋಗವೇನೂ ಇರಲಿಲ್ಲ. ಮೊಬೈಲಿಗೆ ರೀಚಾರ್ಜು ಮಾಡಿಸಲು ಅವನ ಕೈಯಲ್ಲಿ ಹಣವಿರಲಿಲ್ಲ, ಅಷ್ಟೆ. ನಾವು ನಿತ್ಯ ಓದದೆಯೇ ದಾಟಿಹೋಗುತ್ತಿದ್ದ ಆ ಸುಭಾಷಿತವೇ ಆ ಮನೆಯ ಒಲೆ ಉರಿಯುತ್ತಿದೆಯೆಂಬುದಕ್ಕೆ ಗುರುತಾಗಿದ್ದಿತು.

ಹಣ ಕಳಿಸಿದರೆ ಅವನು ಮರಳಿಸುವನೆಂಬುದು ಎಲ್ಲರಿಗೂ ಗೊತ್ತಿತ್ತು. ಆದುದರಿಂದ ಸುದಾಮನ ಅವಲಕ್ಕಿಯ ಉಪಾಯವನ್ನೇ ಹಿಡಿಯಬೇಕಾಯಿತು. ಬಳಗದ ಐದು ಮನೆಗಳ ಮಕ್ಕಳಿಗೆ ಸಾಲೆಯಿಲ್ಲದೆ ಇಂಗ್ಲಿಷು ಕೆಡುತ್ತಿದೆ, ಫೋನಿನ ಮೂಲಕ ಪಾಠ ಹೇಳಬಹುದೆ ಎಂದು ಕೇಳಿದೆವು. ಇದು ನೆವವೂ ಆಗಿತ್ತು, ನಿಜವೂ ಆಗಿತ್ತು. ಅವನು ಒಪ್ಪಿದನು. ತಿಂಗಳಿಗೊಮ್ಮೆ ಫೀ ಸಂದಿತು. ಮೂರನೆಯ ತಿಂಗಳು ವರ್ಗಣಿಯ ಲೆಕ್ಕದಲ್ಲಿ ಅವನ ಕಡೆಯಿಂದ 500 ರೂಪಾಯಿ ಜಮೆಯಾಗಿತ್ತು. 2021ರ ಜೂನಿನಲ್ಲಿ ಅನುದಾನರಹಿತ ಸಾಲೆಗಳ ಶಿಕ್ಷಕರಿಗೆ ರಾಜ್ಯ ಸರಕಾರವು 5,000 ರೂಪಾಯಿಗಳ ನೆರವನ್ನು ಸಾರಿದಾಗ ಅವನು, “ಎಲ್ಲರ ಜೊತೆ ಸಾಲಿನಲ್ಲಿ ನಿಂತು ತಕ್ಕೊಳ್ಳುವುದಕ್ಕೆ ನಾಚಿಕೆಯಿಲ್ಲ, ಒಬ್ಬನೇ ನಿಲ್ಲುವುದಕ್ಕೆ ನಾಚಿಕೆ” ಎಂದನು. ದಾನದ ವಿಷಯದಲ್ಲಿ ನಾವು ಓದಿದ ಎಷ್ಟೋ ಗ್ರಂಥಗಳು ಇಷ್ಟು ನೇರವಾಗಿ ಹೇಳಿಲ್ಲ.

ಬಳಗದವರು ಬಳಗದವರಿಗೆ ಕೊಟ್ಟುಕೊಂಡರೆ ಅದೇನು ದೊಡ್ಡ ಧರ್ಮವೆಂದು ವಾಚಕರು ಕೇಳಬಹುದು. ಈ ಆಕ್ಷೇಪದಲ್ಲಿ ಹುರುಳಿದೆ. ಆ ಏಪ್ರಿಲ್ ಮೇ ತಿಂಗಳುಗಳಲ್ಲಿ ನಮ್ಮೂರ ಹೆದ್ದಾರಿಯ ಮೇಲೆ, ತಲೆಯ ಮೇಲೆ ಗಂಟು ಹೊತ್ತು, ಮಕ್ಕಳನ್ನು ಕಂಕುಳಲ್ಲಿರಿಸಿಕೊಂಡು, ಘಟ್ಟದ ಕಡೆಗೆ ನಡೆದುಹೋಗುವ ಕೂಲಿಕಾರರನ್ನು ನಾವು ಕಂಡೆವು. ಅವರು ಯಾವ ಕಾಲೇಜಿನ ಹಳೆಯ ವಿದ್ಯಾರ್ಥಿಗಳು? ಅವರಿಗಾಗಿ ಯಾವ ಬಳಗವಿದೆ? ಗಂಜಿ, ನೀರು, ಚಪ್ಪಲಿಗಳ ಮಟ್ಟಿಗೆ ಊರವರು ಕೈಲಾದುದನ್ನು ಮಾಡಿದರು. ಆ ದಿನಗಳಲ್ಲಿಯೇ ಬೆಂಗಳೂರಿನಿಂದ ಬಂದ ಒಂದು ಸುದ್ದಿಯು ಈ ಪ್ರಶ್ನೆಗೆ ಉತ್ತರದಂತಿತ್ತು.

ಬೆಂಗಳೂರಿನ ನಾಗರಭಾವಿಯಲ್ಲಿರುವ ನ್ಯಾಷನಲ್ ಲಾ ಸ್ಕೂಲಿಗೆ ಮೊದಲ ತಂಡದ ವಿದ್ಯಾರ್ಥಿಗಳು ಸೇರಿದುದು 1988ರಲ್ಲಿ. ಅಲ್ಲಿ ಓದಿದವರು ಈಗ ದೇಶವಿದೇಶಗಳಲ್ಲಿ ವಕೀಲರಾಗಿ ಹರಡಿಕೊಂಡಿದ್ದಾರೆ. ಮುಂಬಯಿಯಲ್ಲಿ ಸಿಕ್ಕಿಬಿದ್ದ ಝಾರಖಂಡದ ಕೂಲಿಕಾರರ ಪಾಡು ಅವರ ಬಳಗಕ್ಕೆ ತಿಳಿಯಿತು. ಶ್ರಮಿಕರ ವಿಶೇಷ ರೈಲುಗಳು ಮೇ 1ರಿಂದ ಓಡತೊಡಗಿದ್ದರೂ ಅವುಗಳಲ್ಲಿ ಸ್ಥಳ ಸಿಗುವುದು ಎಲ್ಲರಿಗೂ ಸಾಧ್ಯವಿರಲಿಲ್ಲ. ದೇಶದೊಳಗಿನ ವಿಮಾನಸಂಚಾರವು ಮೇ 25ರಂದು ಪುನಃ ಆರಂಭವಾಯಿತು. ಆದ ಮೂರೇ ದಿನಕ್ಕೆ, 2020ರ ಮೇ 28ರ ಬೆಳಿಗ್ಗೆ, ಹಳೆಯ ವಿದ್ಯಾರ್ಥಿಗಳು ಕೂಡಿಸಿದ ಹಣದಿಂದ 170ಕ್ಕೂ ಮಿಕ್ಕಿ ಜನರು ಮುಂಬಯಿಯಿಂದ ರಾಂಚಿಗೆ ವಿಮಾನದಲ್ಲಿ ಹೋದರು. ಜೂನಿನ ಮೊದಲ ವಾರದಲ್ಲಿ ಹೈದರಾಬಾದಿನ ನಲ್ಸಾರ್ ಕಾನೂನು ವಿಶ್ವವಿದ್ಯಾಲಯದ ಹಳೆಯ ವಿದ್ಯಾರ್ಥಿಗಳು ಅದೇ ದಾರಿ ಹಿಡಿದು, ಬೆಂಗಳೂರಿನಲ್ಲಿದ್ದ ಛತ್ತೀಸಗಡದ ಕೂಲಿಕಾರರನ್ನು ರಾಯಪುರಕ್ಕೆ ವಿಮಾನದಲ್ಲಿಯೇ ಕಳಿಸಿದರು.

ಬಡವರಿಗೆ ವಿಮಾನವೇಕೆ, ಆ ಹಣದಲ್ಲಿ ಎಷ್ಟು ಮೂಟೆ ಅಕ್ಕಿ ಬರುತ್ತಿತ್ತೆಂದು ಲೆಕ್ಕ ಹಾಕಿದವರು ನಮ್ಮೂರಲ್ಲಿಯೂ ಇದ್ದರು. ನಮಗೆ ಹಾಗೆನಿಸಲಿಲ್ಲ. ಆ ವಕೀಲರು ತಾವು ಊರಿಗೆ ಹೋಗಬೇಕಾದಾಗ ಯಾವ ವಾಹನವನ್ನು ಏರುತ್ತಿದ್ದರೋ ಅದನ್ನೇ ಆ ಜನರಿಗೂ ಮಾಡಿಕೊಟ್ಟರು. ಮಿಕ್ಕುದನ್ನು ಕೊಡುವುದು ಸುಲಭ; ತನಗೆ ತಕ್ಕುದನ್ನೇ ಇನ್ನೊಬ್ಬರಿಗೂ ತಕ್ಕುದೆಂದು ಬಗೆಯುವುದು ಕಠಿಣ. ಒಂದು ಬೆಂಚಿನ ಗೆಳೆತನವು ಅಷ್ಟು ದೂರ ಹಬ್ಬಬಲ್ಲುದಾದರೆ, ಬಳಗವು ತನ್ನವರಿಗೆ ಮಾತ್ರವೆಂಬ ಆಕ್ಷೇಪವು ಉಳಿಯದು.

ನಮ್ಮ ಬಳಗವೂ ತನ್ನ ಅಳತೆಗೆ ತಕ್ಕಂತೆ ಬೇಲಿಯ ಹೊರಗೆ ಕೈ ಚಾಚಿತು. ಮೇ ತಿಂಗಳೆಂದರೆ ಅಂಕೋಲೆಯ ಕರಿ ಇಶಾಡ ಮಾವಿನ ಕಾಲ. 2023ರಲ್ಲಿ ಭೌಗೋಳಿಕ ಸೂಚಿಯ ಮಾನ್ಯತೆ ಪಡೆದ ಹಣ್ಣು ಇದೇ. ಇದನ್ನು ಬುಟ್ಟಿಯಲ್ಲಿ ಹೊತ್ತು ತಂದು ಮಾರುವ ಹಾಲಕ್ಕಿ ಹೆಂಗಸರಿಗೆ ಆ ವರ್ಷ ಪೇಟೆಯೂ ಇಲ್ಲ, ಹೆದ್ದಾರಿಯ ಗಿರಾಕಿಗಳೂ ಇಲ್ಲ. ಮಾವು ಕಾಯುವುದಿಲ್ಲ; ನಾಲ್ಕು ದಿನದಲ್ಲಿ ಕೊಳೆಯುತ್ತದೆ. ವರ್ಗಣಿಯ ಹಣದಿಂದ ಅವರ ಹಣ್ಣನ್ನು ಪೇಟೆಯ ಧಾರಣೆಗೇ ಕೊಂಡು, ಊರೂರಿನ ಆಶಾ ಕಾರ್ಯಕರ್ತೆಯರ ಮನೆಗಳಿಗೂ ಪೋಲೀಸು ನಾಕಾಗಳಿಗೂ ಕಳಿಸಿದೆವು. ಮಾರಿದವರಿಗೆ ವ್ಯಾಪಾರವಾಯಿತು, ತಿಂದವರಿಗೆ ಊರಿನ ಉಡುಗೊರೆಯಾಯಿತು. ದಾನವೆಂಬ ಶಬ್ದವು ಎಲ್ಲಿಯೂ ಬಾಯಿಗೆ ಬರಲಿಲ್ಲ.

ಮರುವರ್ಷದ ಎರಡನೆಯ ಅಲೆಯು ಹಣದಿಂದ ತೀರುವ ಸಂಕಟವಾಗಿರಲಿಲ್ಲ. 2021ರ ಏಪ್ರಿಲ್ ಮೇ ತಿಂಗಳುಗಳಲ್ಲಿ ಮನುಷ್ಯರು ಉಸಿರಿಗಾಗಿ ಪರದಾಡಿದರು. ಬೆರಳಿಗೆ ಸಿಕ್ಕಿಸುವ ಆಕ್ಸಿಮೀಟರಿನ ಅಂಕಿಯು 94ಕ್ಕಿಂತ ಕೆಳಗಿಳಿದರೆ ತಡಮಾಡದೆ ವೈದ್ಯರನ್ನು ಕಾಣಬೇಕೆಂಬುದನ್ನು ಅಜ್ಜಿಯಂದಿರೂ ಬಾಯಿಪಾಠ ಮಾಡಿದ ಕಾಲವದು. ಗೋವೆಯಲ್ಲಿರುವ ಗೆಳೆಯನೊಬ್ಬನು ಆಮ್ಲಜನಕದ ಕಾನ್ಸಂಟ್ರೇಟರುಗಳೆರಡನ್ನು ಹೇಗೋ ಸಂಪಾದಿಸಿ ಮಾಜಾಳಿಯ ಗಡಿ ದಾಟಿಸಿ ಕಳಿಸಿದನು. ಗಾಳಿಯಲ್ಲಿ ಆಮ್ಲಜನಕವು ನೂರಕ್ಕೆ 21 ಪಾಲು, ಸಾರಜನಕವು 78 ಪಾಲು. ಈ ಯಂತ್ರವು ಸಾರಜನಕವನ್ನು ಹೀರಿ ಬೇರ್ಪಡಿಸಿ ಆಮ್ಲಜನಕವನ್ನು ಮಂದಗೊಳಿಸಿ ಕೊಡುತ್ತದೆ. ಸಿಲಿಂಡರು ಬೇಡ, ಆದರೆ ವಿದ್ಯುತ್ತು ಬೇಕೇ ಬೇಕು. ವೈದ್ಯರ ಸಲಹೆಯಂತೆ ಅವುಗಳಲ್ಲೊಂದು ನಮ್ಮ ಸಹಪಾಠಿಯೊಬ್ಬನ ಅಣ್ಣನ ಮನೆಯಲ್ಲಿ ಹಗಲಿರುಳು ನಡೆಯುತ್ತಿತ್ತು.

ಮೇ 15ರಂದು ತೌಕ್ತೆ ಚಂಡಮಾರುತವು ನಮ್ಮ ಕರಾವಳಿಯನ್ನು ಸವರಿಕೊಂಡು ಉತ್ತರಕ್ಕೆ ಹೋಯಿತು. ಮರಗಳು ಉರುಳಿದವು, ಕರೆಂಟು ಹೋಯಿತು. ಯಂತ್ರ ನಿಂತ ಸುದ್ದಿಯನ್ನು ಸಹಪಾಠಿಯು ಬಳಗದಲ್ಲಿ ಹಾಕಿದನು. ಒಂದು ತಾಸಿನೊಳಗೆ, ಆ ಗಾಳಿಮಳೆಯಲ್ಲಿ, ಟೆಂಪೋದ ಮೇಲೆ ಜನರೇಟರನ್ನು ಹೇರಿಕೊಂಡು ಶಾಮಿಯಾನದ ವ್ಯಾಪಾರ ಮಾಡುವ ಗೆಳೆಯನೊಬ್ಬನು ಅಂಗಳಕ್ಕೆ ಬಂದಿಳಿದನು. ಮದುವೆಗಳಿಲ್ಲದೆ ಒಂದು ವರ್ಷದಿಂದ ಅವನ ಜನರೇಟರು ಮೂಲೆಯಲ್ಲಿ ಬಿದ್ದಿತ್ತು. ಮರುದಿನ ಸಂಜೆ ಕರೆಂಟು ಬರುವವರೆಗೆ ಅವನು ಅಲ್ಲಿಯೇ ಚಾವಡಿಯ ಹೊರಗೆ ಕುಳಿತು ಡೀಸೆಲು ಹಾಕುತ್ತಿದ್ದನು. ಬಾಡಿಗೆಯ ಮಾತೆತ್ತಿದವರಿಗೆ ಚೆನ್ನಾಗಿ ಬೈದನು. ಆ ಮನೆಯ ಅಣ್ಣ ಬದುಕಿದನು. ಹಿಂದಿನ ವರ್ಷ ತಿಳಿದುಬಂದ ಏಳು ಮನೆಗಳಲ್ಲಿ ಶಾಮಿಯಾನದವನ ಮನೆಯೂ ಒಂದೆಂಬುದು ಆ ಅಂಗಳದಲ್ಲಿ ಯಾರಿಗೂ ಗೊತ್ತಿರಲಿಲ್ಲ. ಗೊತ್ತಿದ್ದರೆ, ಅವನು ಬಂದುದನ್ನು ಸಾಲ ತೀರಿಸಲು ಬಂದಂತೆ ಜನ ಕಾಣುತ್ತಿದ್ದರು. ಗೊತ್ತಿಲ್ಲದುದರಿಂದ ಅವನು ಗೆಳೆಯನಾಗಿಯೇ ಬಂದನು. ಈಗ ಅವನೇ ಬರೆಯಿರಿ ಎಂದುದರಿಂದ ಬರೆದೆವು.

ಎಲ್ಲರೂ ಉಳಿದರೆಂದು ಯಾರೂ ತಿಳಿಯಬಾರದು. ಬಳಗದ ಇಬ್ಬರು ಆ ತಿಂಗಳು ಹೋದರು. ಒಬ್ಬನ ಅಂತ್ಯಕ್ರಿಯೆಗೆ ನಮ್ಮಲ್ಲಿ ಯಾರೂ ಹೋಗಲಾಗಲಿಲ್ಲ. ಅವನ ಮಗನು ಚಿತೆಯ ಮುಂದೆ ಒಬ್ಬನೇ ನಿಂತಿದ್ದನು. ಆ ಹುಡುಗನ ಓದಿನ ವೆಚ್ಚವನ್ನು ಬಳಗವು ವಹಿಸಿತು. ಆದರೆ ತಂದೆಯನ್ನು ಕೊಡುವುದು ಯಾವ ವರ್ಗಣಿಗೂ ಸಾಧ್ಯವಿಲ್ಲ. ಹಣ ಕಳಿಸುವ ದಿನ ಪ್ರತಿ ವರ್ಷವೂ ನಮಗೆ ಇದು ನೆನಪಾಗುತ್ತದೆ. ಕೊಡುವವನಿಗೆ ಲಜ್ಜೆ ಏಕೆಂದು ಕೇಳಿದ ಹುಡುಗರಿಗೆ ಈಗ ನಾವು ಹೇಳುವ ಉತ್ತರ ಇಷ್ಟೇ: ಬೇಕಾದುದರ ಮುಂದೆ ನಾವು ಕೊಡುವುದು ಯಾವಾಗಲೂ ಕಡಿಮೆ, ಅದೇ ಅವನ ಲಜ್ಜೆ.

ವರ್ಗಣಿಯ ಲೆಕ್ಕದ ಪುಸ್ತಕವು ಸಹಪಾಠಿನಿಯ ಬಳಿಯಲ್ಲಿದೆ. 2021ರ ಜುಲೈಯಲ್ಲಿ ಗಂಗಾವಳಿಯ ನೆರೆ ಮತ್ತೆ ಬಂದಾಗಲೂ, 2024ರ ಜುಲೈ 16ರಂದು ಶಿರೂರಿನ ಗುಡ್ಡ ಕುಸಿದಾಗಲೂ ಅದನ್ನು ತೆರೆಯಬೇಕಾಯಿತು. ವಾರಕ್ಕೆ ಐದು ದೂರವಾಣಿಗಳ ಕಟ್ಟಳೆಯು ರೋಗ ಹೋದ ಮೇಲೆಯೂ ನಿಂತಿಲ್ಲ. ವಾಚಕರ ಮನೆಗಳಲ್ಲಿಯೂ ಗೋಡೆಯ ಮೇಲೋ ಟ್ರಂಕಿನ ತಳದಲ್ಲೋ ವರ್ಗದ ಹಳೆಯ ಭಾವಚಿತ್ರವೊಂದು ಇದ್ದೀತು. ಅದನ್ನು ಹೊರತೆಗೆದು, ಸಾಲು ಸಾಲಾಗಿ ಹೆಸರುಗಳನ್ನು ನೆನೆದು, ಯಾರ ಸುದ್ದಿಯು ಬಹಳ ದಿನಗಳಿಂದ ಬಂದಿಲ್ಲವೋ ಅವರನ್ನು ಮೊದಲು ಮಾತಾಡಿಸಬೇಕು. ಸುಖದ ದಿನಗಳಲ್ಲಿ ಮಾತಾಡಿಸಿದವರಿಗೆ ಮಾತ್ರ ಕಷ್ಟದ ದಿನಗಳಲ್ಲಿ ಮಾತಿಲ್ಲದೆಯೇ ತಿಳಿಯುತ್ತದೆಂದು ವಿಜ್ಞಾಪಿಸಿ ವಿರಮಿಸುತ್ತೇವೆ.